ಎಂಟು ಪೌಂಡಿನ ಬಾಡಿಗೆ ಮನೆ

ಸಾಹಿತಿಯೊಬ್ಬರು ಬಾಳಿದ ಹಳೆಯ ಮನೆಯನ್ನು ಸ್ಮಾರಕ ಮಾಡಲು ಹೊರಟಿರುವ ಸಮಿತಿಯವರು ಈ ಸಂಚಿಕೆಗೆ ಲೇಖನ ಕೇಳಲು ಬಂದಿದ್ದರು. ಕಾಫಿ ಕುಡಿದು ಎದ್ದವರು ಹೊಸ್ತಿಲಲ್ಲಿ ನಿಂತು ಒಂದು ಮಾತು ಸೇರಿಸಿದರು: ‘ಬೇರೆ ಕಡೆ ಇಂಥ ಮನೆ ಹೇಗೆ ಉಳಿಸ್ಕೊಂಡಿದ್ದಾರೆ ಅಂತ ಬರೆದುಕೊಡಿ ಸಾರ್, ನಮಗೂ ಒಂದು ದಾರಿ ಕಂಡೀತು.’ ಕುಪ್ಪಳಿಯ ಕವಿಮನೆಯ ಬಗ್ಗೆ, ಧಾರವಾಡದ ಸಾಧನಕೇರಿಯ ಬೇಂದ್ರೆಯವರ ಮನೆಯ ಬಗ್ಗೆ ಬರೆಯಲು ನನಗಿಂತ ಹತ್ತಿರದವರು ಇದ್ದಾರೆ. ನಾನು ದೂರದ ಒಂದು ಮನೆಯನ್ನು ಆರಿಸಿಕೊಂಡೆ. ಅದು ಇಂಗ್ಲೆಂಡಿನ ಉತ್ತರದಲ್ಲಿ, ಗ್ರಾಸ್ಮಿಯರ್ ಎಂಬ ಕೆರೆಯ ದಂಡೆಯ ಪುಟ್ಟ ಊರಿನಲ್ಲಿದೆ. ಈಗ ಜಗತ್ತು ಅದನ್ನು ಡವ್ ಕಾಟೇಜ್ ಎನ್ನುತ್ತದೆ. ಅದನ್ನು ಪ್ರಸಿದ್ಧಿಗೆ ತಂದ ಕವಿ ಅಲ್ಲಿ ಇದ್ದದ್ದು ಎಂಟೂವರೆ ವರ್ಷಕ್ಕೂ ತುಸು ಕಡಿಮೆ. ಇದ್ದಷ್ಟು ದಿನವೂ ಅದು ಅವನದಾಗಿರಲಿಲ್ಲ. ಬಾಡಿಗೆ ಮನೆ. ವರ್ಷಕ್ಕೆ ಎಂಟು ಪೌಂಡು.

ವರ್ಡ್ಸ್‌ವರ್ತ್ ನಮಗೆ ತೀರ ಪರಕೀಯನಲ್ಲ. ಬಿ.ಎಂ. ಶ್ರೀಯವರು ‘ಇಂಗ್ಲಿಷ್ ಗೀತಗಳು’ ಮೂಲಕ ಅವನ ಕಾಲದ ಕಾವ್ಯದ ದನಿಯನ್ನು ಕನ್ನಡಕ್ಕೆ ತಂದರು. ಕುವೆಂಪು ತಲೆಮಾರಿನವರು ಅವನನ್ನು ಓದಿ ಬೆಳೆದರು. ನಮ್ಮ ತಲೆಮಾರಿಗೆ ಅವನು ಸಿಕ್ಕಿದ್ದು ಹೈಸ್ಕೂಲಿನ ಇಂಗ್ಲಿಷ್ ಪಠ್ಯದಲ್ಲಿ, ಡ್ಯಾಫೊಡಿಲ್ ಹೂಗಳ ಪದ್ಯವಾಗಿ. ಆ ಹೂವನ್ನು ಮೇಷ್ಟರೂ ನೋಡಿರಲಿಲ್ಲ. ‘ನಮ್ಮ ಸೇವಂತಿಗೆ ತರ ಅಂದ್ಕೊಳ್ರೋ’ ಎಂದು ಮುಂದಕ್ಕೆ ಹೋದರು. ನಾನು ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಸಾವಿರಾರು ಸೇವಂತಿಗೆ, ಒಂದು ಕೆರೆ, ಒಬ್ಬಂಟಿ ಕವಿ. ಅವನು ಅಂದು ಒಬ್ಬಂಟಿಯಾಗಿ ಇರಲೇ ಇಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಅದನ್ನು ತಿಳಿಸಿದ್ದು ಈ ಮನೆಯ ಕಾಗದಗಳೇ.

ಕೆರೆ ಎಂದೆ. ನಮ್ಮ ಪಠ್ಯಪುಸ್ತಕಗಳು ‘ಸರೋವರ’ ಎನ್ನುತ್ತವೆ. ಗ್ರಾಸ್ಮಿಯರ್ ಒಂದು ಮೈಲಿ ಉದ್ದದ ನೀರು, ನಡುವೆ ಒಂದು ನಡುಗಡ್ಡೆ, ಅಷ್ಟೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕೆರೆಗಳು ಎಷ್ಟೋ ಇವೆ. ವ್ಯತ್ಯಾಸವೆಂದರೆ ನಮ್ಮ ಕೆರೆಗಳನ್ನು ಜನ ಏರಿ ಹಾಕಿ ಕಟ್ಟಿದರು, ಅಲ್ಲಿಯದನ್ನು ಹಿಮನದಿ ಕೊರೆದಿಟ್ಟು ಹೋಯಿತು. ರೋದೆ ಎಂಬ ಹೊಳೆ ಈ ಕೆರೆಗೆ ಬಂದು, ಮುಂದೆ ರೈಡಲ್ ಎಂಬ ಇನ್ನೊಂದು ಪುಟ್ಟ ಕೆರೆ ತುಂಬಿ, ಕೊನೆಗೆ ದೊಡ್ಡ ವಿಂಡರ್ಮಿಯರಿಗೆ ಸೇರುತ್ತದೆ. ಕೆರೆಯಿಂದ ಕೆರೆಗೆ ನೀರು ಹರಿಯುವ ಈ ಸರಣಿ ನಮ್ಮವರಿಗೆ ಹೊಸದೇನಲ್ಲ. ಸುತ್ತ ಬೋಳು ತಲೆಯ ಗುಡ್ಡಗಳು, ಕುರಿ, ಕಲ್ಲು ಪೇರಿಸಿದ ಬೇಲಿ, ಮತ್ತು ಮಳೆ. ನಮ್ಮ ಆಗುಂಬೆಯವರು ಕೂಡ ಗೌರವ ಕೊಡುವಂಥ ಮಳೆ.

ಊರಿನಿಂದ ತುಸು ಆಚೆ, ಆಂಬಲ್‌ಸೈಡಿನಿಂದ ಬರುವ ಹಳೆಯ ರಸ್ತೆಯ ಬದಿಗೆ ಟೌನ್ ಎಂಡ್ ಎಂಬ ಕೇರಿ. ಮನೆ ಇರುವುದು ಅಲ್ಲಿ. ಕಟ್ಟಿದ್ದು 17ನೆಯ ಶತಮಾನದ ಆರಂಭದಲ್ಲಿ. ಅಲ್ಲಿಯದೇ ಕಲ್ಲಿನ ಗೋಡೆ, ತೇವ ತಡೆಯಲು ಮೇಲೆ ಸುಣ್ಣ, ಸ್ಲೇಟು ಕಲ್ಲಿನ ಮಾಡು. ಕೆಳಗೆ ನಾಲ್ಕು ಕೋಣೆ, ಮೇಲೆ ನಾಲ್ಕು. ಕವಿಯ ಮನೆ ಆಗುವ ಮೊದಲು ಅದು ದಾರಿಹೋಕರು ಬಿಯರು ಕುಡಿದು ದಣಿವಾರಿಸಿಕೊಳ್ಳುವ ಪಡಖಾನೆಯಾಗಿತ್ತು. ಹೆಸರು ‘ಡವ್ ಅಂಡ್ ಆಲಿವ್ ಬೋ’. ಪ್ರಳಯದ ನೀರು ಇಳಿಯಿತೆಂದು ಬೈಬಲಿನ ನೋಹನಿಗೆ ತಿಳಿಸಲು ಎಲೆ ಕಚ್ಚಿ ತಂದ ಪಾರಿವಾಳದ ನೆನಪು ಅದು. 1793ರಲ್ಲಿ ಪಡಖಾನೆ ಮುಚ್ಚಿತು. ಕೆಳಗಿನ ಕೋಣೆಯ ಓಕ್ ಹಲಗೆ ಹೊದಿಸಿದ ಕಪ್ಪು ಗೋಡೆ, ನೆಲದ ಸ್ಲೇಟು ಹಾಸು ಆ ಕಾಲದಿಂದ ಬಂದವು. ಸುರಿದ ಬಿಯರನ್ನು ಒರೆಸಲು ಸುಲಭವಾಗಲಿ ಎಂದು ಹಾಕಿದ ನೆಲದ ಮೇಲೆ ಇಂಗ್ಲಿಷ್ ಕಾವ್ಯದ ಒಂದು ಯುಗ ಓಡಾಡಿತು. ವರ್ಡ್ಸ್‌ವರ್ತ್ ಮನೆಯವರು ಇದನ್ನು ಎಂದೂ ಡವ್ ಕಾಟೇಜ್ ಎಂದವರಲ್ಲ. ಅವರ ಕಾಗದಗಳಲ್ಲಿ ಅದು ಬರಿಯ ‘ಟೌನ್ ಎಂಡ್’. ಮುಚ್ಚಿಹೋದ ಪಡಖಾನೆಯ ಹೆಸರನ್ನು ಮತ್ತೆ ಮನೆಗೆ ಅಂಟಿಸಿದವರು ಆಮೇಲಿನವರು.

1799ರ ನವೆಂಬರಿನಲ್ಲಿ ವಿಲಿಯಂ ವರ್ಡ್ಸ್‌ವರ್ತ್ ಗೆಳೆಯ ಕೋಲ್‌ರಿಜ್ ಜೊತೆ ಈ ಕಡೆ ಕಾಲ್ನಡಿಗೆಯ ಪ್ರವಾಸ ಬಂದಾಗ ಮನೆ ಖಾಲಿ ಇರುವುದನ್ನು ಕಂಡ. ಡಿಸೆಂಬರ್ 20ರ ಸಂಜೆ ತಂಗಿ ಡೊರೊತಿಯ ಜೊತೆ ಒಳಗೆ ಬಂದ. ಅವನಿಗೆ ಇಪ್ಪತ್ತೊಂಬತ್ತು, ಅವಳಿಗೆ ಐದು ದಿನ ಕಳೆದರೆ ಇಪ್ಪತ್ತೆಂಟು. ಕೊರೆಯುವ ಚಳಿಯಲ್ಲಿ, ದಾರಿಯ ಎಷ್ಟೋ ಭಾಗವನ್ನು ನಡೆದೇ ಬಂದಿದ್ದರು. (ಅದೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತ್ತು. ಇಂಗ್ಲಿಷ್ ಸಾಹಿತ್ಯದ ಇಸವಿಗಳನ್ನು ಓದುವಾಗ ನಮ್ಮ ಇಸವಿಗಳು ಹೀಗೆ ಕರೆಯದೆ ಬಂದು ಪಕ್ಕದಲ್ಲಿ ಕೂರುತ್ತವೆ. ಮುಂದೆ ಈ ಮನೆಗೂ ಆ ಕಂಪನಿಗೂ ಲೆಕ್ಕ ಬೀಳುವುದಿದೆ, ಹೇಳುತ್ತೇನೆ.)

ಅಣ್ಣ ತಂಗಿಗೆ ಸ್ವಂತ ಮನೆ ಎಂಬುದು ದೊಡ್ಡ ಆಸೆಯಾಗಿತ್ತು. 1778ರಲ್ಲಿ ತಾಯಿ ತೀರಿಕೊಂಡಾಗ ಡೊರೊತಿಗೆ ಆರು ವರ್ಷ. ಅವಳನ್ನು ಹ್ಯಾಲಿಫ್ಯಾಕ್ಸಿನ ನೆಂಟರ ಮನೆಗೆ ಕಳಿಸಿದರು, ಗಂಡುಮಕ್ಕಳು ಬೇರೆ ಕಡೆ ಬೆಳೆದರು. 1783ರಲ್ಲಿ ತಂದೆಯೂ ಹೋದ. ತಂದೆ ದುಡಿದದ್ದು ಸರ್ ಜೇಮ್ಸ್ ಲೌದರ್ ಎಂಬ ಜಮೀನುದಾರನ ಬಳಿ. ಆ ಯಜಮಾನ ಕೊಡಬೇಕಿದ್ದ ಸಾವಿರಾರು ಪೌಂಡುಗಳನ್ನು ಬದುಕಿರುವ ತನಕ ಕೊಡಲಿಲ್ಲ. 1802ರಲ್ಲಿ ಅವನು ಸತ್ತ ಮೇಲೆ ವಾರಸುದಾರ ಬಡ್ಡಿ ಸೇರಿಸಿ ತೀರಿಸಿದ. ಆ ತನಕ ಕೈಹಿಡಿದದ್ದು ರೈಸ್ಲಿ ಕಾಲ್ವರ್ಟ್ ಎಂಬ ಗೆಳೆಯ. ಕ್ಷಯದಿಂದ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಆತ ಕವಿತೆ ಬರೆದುಕೊಂಡಿರಲಿ ಎಂದು ವಿಲಿಯಂ ಹೆಸರಿಗೆ 900 ಪೌಂಡು ಬರೆದಿಟ್ಟಿದ್ದ. ಕಾವ್ಯದ ಚರಿತ್ರೆಯಲ್ಲಿ ಇಂಥ ಹೆಸರುಗಳು ಅಡಿಟಿಪ್ಪಣಿಯಲ್ಲಿ ಇರುತ್ತವೆ. ಸಂಸ್ಥೆಯ ಚರಿತ್ರೆ ಬರೆಯುವವನು ಮಾತ್ರ ಅವನ್ನು ಮೊದಲ ಪುಟಕ್ಕೆ ತರಬೇಕು. ದುಡ್ಡು ಕೊಟ್ಟವರನ್ನು ಮರೆತ ಸ್ಮರಣ ಸಂಚಿಕೆ ಎಲ್ಲಾದರೂ ಉಂಟೆ?

ಮನೆಯೊಳಗೆ ಬಂದವರಿಗೆ ಮೊದಲು ಎದುರಾದದ್ದು ಹೊಗೆ. ಒಲೆಯ ಹೊಗೆ ಚಿಮಣಿ ಹತ್ತದೆ ಕೋಣೆಗೇ ವಾಪಸು ಬರುತ್ತಿತ್ತು. ಮೇಲಿನ ಒಂದು ಪುಟ್ಟ ಕೋಣೆಗೆ ಒಳಮಾಳಿಗೆಯೂ ಇರಲಿಲ್ಲ. ಚಳಿ ತಡೆಯಲು ಡೊರೊತಿ ಅದರ ಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿದಳು. ನಮ್ಮಲ್ಲಿ ಮಣ್ಣಿನ ಗೋಡೆ ಉದುರದಿರಲಿ ಎಂದು ಪೇಪರ್ ಹಚ್ಚುವುದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಇಂದಿಗೂ ಆ ಕೋಣೆಗೆ ‘ಪತ್ರಿಕೆ ಕೋಣೆ’ ಎಂದೇ ಹೆಸರು. ಅಂಟಿಸಿದ ಹಾಳೆಗಳು ಮಾತ್ರ ಆಮೇಲೆ ಬದಲಾಗಿವೆ. ಕೆಳಗಡೆ ಹಾಲು ಬೆಣ್ಣೆ ಇಡುವ ಉಗ್ರಾಣದ ನೆಲದಡಿಯಲ್ಲಿ ಒಂದು ತೊರೆ ಹರಿಯುತ್ತಿತ್ತು. ಬೇಸಗೆಯಲ್ಲೂ ಆ ಕೋಣೆ ತಣ್ಣಗಿರುತ್ತಿತ್ತು. ಕಟ್ಟಿದವನು ಯಾರೋ, ಅವನ ಜಾಣತನ ಇಂದಿಗೂ ಕೆಲಸ ಮಾಡುತ್ತಿದೆ.

ಮನೆಯ ಹಿಂದೆ ಏರುಗುಡ್ಡ. ಅಲ್ಲಿ ತೋಟ ಮಾಡಿದರು. ಕೆರೆಯಂಚಿನಿಂದ, ಕಾಡಿನಿಂದ ಗಿಡ ಕಿತ್ತು ತಂದು ನೆಟ್ಟರು. ಗೋಡೆಗೆ ದಾರ ಕಟ್ಟಿ ಕೆಂಪು ಹೂವಿನ ಅವರೆ ಜಾತಿಯ ಬಳ್ಳಿ ಹಬ್ಬಿಸಿದರು, ಅದು ಕಣ್ಣಿಗೂ ಆಯಿತು, ಅಡುಗೆಗೂ ಆಯಿತು. ಗುಡ್ಡ ಹತ್ತಲು ನೆರೆಯ ಜಾನ್ ಫಿಶರನ ಜೊತೆ ಸೇರಿ ವಿಲಿಯಂ ಕಲ್ಲು ಮೆಟ್ಟಿಲು ಕೂರಿಸಿದ. ಮೇಲೆ, 1804ರಲ್ಲಿ, ಪಾಚಿ ಹೊದಿಸಿದ ಒಂದು ಪುಟ್ಟ ಗುಡಿಸಲು ಎದ್ದಿತು. ಅಲ್ಲಿ ಕೂತರೆ ಕೆರೆ ಕಾಣುತ್ತಿತ್ತು. ಆಗ ಮನೆಯ ಮುಂಬದಿಯ ಕಿಟಕಿಯಿಂದಲೂ ಕಾಣುತ್ತಿತ್ತು, ನಡುವೆ ಹೊಲ ಬಿಟ್ಟರೆ ಬೇರೇನೂ ಇರಲಿಲ್ಲ.

ಮನೆಗೆಲಸಕ್ಕೆ ಎದುರು ಮನೆಯ ಮೊಲ್ಲಿ ಫಿಶರ್ ಬರುತ್ತಿದ್ದಳು. ಅರವತ್ತು ದಾಟುತ್ತಿದ್ದ ಹೆಂಗಸು. ದಿನಕ್ಕೆ ಎರಡು ಮೂರು ಗಂಟೆ ಒಲೆ ಹಚ್ಚುವುದು, ಪಾತ್ರೆ ತೊಳೆಯುವುದು. ಸಂಬಳ ವಾರಕ್ಕೆ ಎರಡು ಶಿಲಿಂಗು. ಕೂಡಿಸಿ ನೋಡಿ: ವರ್ಷಕ್ಕೆ 5 ಪೌಂಡು 4 ಶಿಲಿಂಗು. ಮನೆ ಬಾಡಿಗೆಯ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ಸಾದಾ ಬದುಕಿನ ಕವಿ ಎನ್ನುತ್ತೇವಲ್ಲ, ಆ ಸಾದಾ ಬದುಕಿನಲ್ಲೂ ಒಬ್ಬಳು ಕೆಲಸದಾಕೆಗೆ ಜಾಗವಿತ್ತು. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಇಷ್ಟು ನಿಖರವಾಗಿ ಹೇಳಲು ಸಾಧ್ಯವಾಗುವುದೇ ಡೊರೊತಿ ಬರೆದ ಕಾಗದಗಳಿಂದ.

1800ರ ಮೇ 14ರಂದು ವಿಲಿಯಂ ಮತ್ತು ತಮ್ಮ ಜಾನ್ ಯಾರ್ಕ್‌ಷೈರಿಗೆ ಹೊರಟರು. ಅವರನ್ನು ಬೀಳ್ಕೊಟ್ಟು ಬಂದ ಡೊರೊತಿ ಅಳು ನುಂಗಿಕೊಂಡು ಒಂದು ನೋಟ್‌ಬುಕ್ ಬಿಚ್ಚಿದಳು. ಅಣ್ಣ ವಾಪಸು ಬಂದಾಗ ಓದಿ ಸಂತೋಷಪಡಲಿ ಎಂಬುದಷ್ಟೇ ಉದ್ದೇಶ. 1803ರ ಜನವರಿಯ ತನಕ ಅದು ಮುಂದುವರಿಯಿತು. ಅದರಲ್ಲಿ ರೊಟ್ಟಿ ಸುಟ್ಟದ್ದು, ಬಟಾಣಿ ಬಳ್ಳಿಗೆ ಕಡ್ಡಿ ಕೊಟ್ಟದ್ದು, ಬಟ್ಟೆ ಇಸ್ತ್ರಿ ಮಾಡಿದ್ದು, ತಲೆನೋವು, ಟಪಾಲಿಗಾಗಿ ಆಂಬಲ್‌ಸೈಡಿಗೆ ನಡೆದದ್ದು, ಬಾಗಿಲಿಗೆ ಬಂದ ಭಿಕ್ಷುಕಿ ಹೇಳಿದ ಕಥೆ, ಚಂದ್ರ ಗುಡ್ಡದ ಅಂಚಿಗೆ ಬಂದ ಬಗೆ, ಎಲ್ಲ ಒಂದೇ ದನಿಯಲ್ಲಿ ಬರುತ್ತವೆ. ಪ್ರಕಟಿಸುವ ಆಸೆಯಿಂದ ಬರೆದವಳಲ್ಲ ಅವಳು, ಆದ್ದರಿಂದಲೇ ಇರಬೇಕು, ಒಂದು ಸಾಲೂ ಎದೆ ಉಬ್ಬಿಸಿ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಆ ಮನೆಯಲ್ಲಿ ಬರೆದದ್ದರಲ್ಲೆಲ್ಲ ಇಂದಿಗೂ ಹಳಸದಿರುವುದು ಈ ದಿನಚರಿಯೇ. ಕಾವ್ಯದ ಪ್ರಾಧ್ಯಾಪಕರು ಒಪ್ಪಲಿಕ್ಕಿಲ್ಲ.

ಡ್ಯಾಫೊಡಿಲ್ ಸಂಗತಿಯನ್ನೇ ನೋಡಿ. 1802ರ ಏಪ್ರಿಲ್ 15. ಗ್ರಾಸ್ಮಿಯರ್ ಅಲ್ಲ, ಗುಡ್ಡದಾಚೆಯ ಅಲ್ಸ್‌ವಾಟರ್ ಕೆರೆಯ ದಂಡೆ. ಗಾಳಿ ಜೋರಾಗಿತ್ತು. ಅಣ್ಣ ತಂಗಿ ಜೊತೆಯಾಗಿ ನಡೆದು ಬರುತ್ತಿದ್ದರು. ದಂಡೆಯುದ್ದಕ್ಕೂ ಹೂ. ಅವು ಹೇಗೆ ಕುಣಿದವು, ಸುಸ್ತಾದವು ಕಲ್ಲಿನ ಮೇಲೆ ಹೇಗೆ ತಲೆಯೊರಗಿಸಿದವು ಎಂಬುದೆಲ್ಲ ಡೊರೊತಿಯ ಪುಟದಲ್ಲಿದೆ. ವಿಲಿಯಂ ಪದ್ಯ ಕಟ್ಟಿದ್ದು ಎರಡು ವರ್ಷದ ಮೇಲೆ, ಈ ಮನೆಯಲ್ಲಿ. ಅಷ್ಟರಲ್ಲಿ ಅವನ ಹೆಂಡತಿಯಾಗಿ ಬಂದಿದ್ದ ಮೇರಿ ಅದರಲ್ಲಿ ಎರಡು ಸಾಲು ಹೇಳಿಕೊಟ್ಟಳು. ಪದ್ಯದ ಅತ್ಯುತ್ತಮ ಸಾಲುಗಳು ಅವೇ ಎಂದು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಅಂದರೆ ಕಂಡದ್ದು ಇಬ್ಬರು, ಟಿಪ್ಪಣಿ ಇಟ್ಟದ್ದು ಒಬ್ಬಳು, ಸಾಲು ಕೊಟ್ಟದ್ದು ಇನ್ನೊಬ್ಬಳು. 1807ರಲ್ಲಿ ಅಚ್ಚಾದ ಪದ್ಯದೊಳಗೆ ಮಾತ್ರ ಒಬ್ಬನೇ ಓಡಾಡುತ್ತಾನೆ. ಜಿಗಣೆ ಹಿಡಿಯುವ ಮುದುಕನ ಪದ್ಯದ ಕಥೆಯೂ ಹೀಗೆಯೇ. 1800ರ ಶರತ್ಕಾಲದಲ್ಲಿ ರಸ್ತೆಯಲ್ಲಿ ಸಿಕ್ಕಿದ ಆ ಮುದುಕನ ಕೋಟು, ಜೋಳಿಗೆ, ಜಿಗಣೆಯ ಬೆಲೆ ಏರಿದ್ದು, ಅವನಿಗೆ ಸತ್ತ ಮಕ್ಕಳೆಷ್ಟು ಎಂಬುದೆಲ್ಲ ದಿನಚರಿಯಲ್ಲಿವೆ. ಪದ್ಯ ಹುಟ್ಟಿದ್ದು 1802ರಲ್ಲಿ. ಅಲ್ಲಿ ಮತ್ತೆ ಕವಿಯೊಬ್ಬನೇ ಮುದುಕನ ಎದುರು ನಿಂತಿರುತ್ತಾನೆ.

ಮೇರಿ ಹಚಿನ್ಸನ್ ಜೊತೆ ಮದುವೆ ಆದದ್ದು 1802ರ ಅಕ್ಟೋಬರ್ 4, ಯಾರ್ಕ್‌ಷೈರಿನ ಬ್ರಾಂಪ್ಟನ್‌ನಲ್ಲಿ. ಅದಕ್ಕೆ ಮೊದಲು ಅಣ್ಣ ತಂಗಿ ಕ್ಯಾಲೆಗೆ ಹೋಗಿ, ಹತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ವಿಲಿಯಂ ಪ್ರೀತಿಸಿದ್ದ ಆನೆಟ್‌ಳನ್ನೂ ಅವನಿಗೆ ಹುಟ್ಟಿದ್ದ ಮಗಳು ಕ್ಯಾರೊಲಿನ್‌ಳನ್ನೂ ಕಂಡು ಬಂದಿದ್ದರು. ಮದುವೆಯ ದಿನ ಡೊರೊತಿ ಚರ್ಚಿಗೆ ಹೋಗಲಿಲ್ಲ, ಹೋಗಲು ಆಗಲಿಲ್ಲ. ಈ ಬಗ್ಗೆ ಪುಸ್ತಕಗಟ್ಟಲೆ ಊಹೆ ಬಂದಿದೆ. ಮನೆಯ ಚರಿತ್ರೆಗೆ ಬೇಕಾದ್ದು ಇಷ್ಟೆ: ಎರಡು ದಿನದ ಮೇಲೆ ಮೂವರೂ ಒಟ್ಟಿಗೆ ಗ್ರಾಸ್ಮಿಯರಿಗೆ ಬಂದರು, ಕತ್ತಲಲ್ಲಿ ಮೇಣದ ಬತ್ತಿ ಹಿಡಿದು ತೋಟಕ್ಕೆ ಹೋಗಿ ಗಿಡ ಎಷ್ಟು ಬೆಳೆದಿದೆ ಎಂದು ನೋಡಿದರು. ನಾದಿನಿ ಅತ್ತಿಗೆ ಮುಂದೆ ಸಾಯುವ ತನಕ ಒಂದೇ ಸೂರಿನಡಿ ಬಾಳಿದರು.

ಈಗ ಕಂಪನಿಯ ಲೆಕ್ಕ. ತಮ್ಮ ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿದ್ದ. 1800ರ ಜನವರಿಯಿಂದ ಸೆಪ್ಟೆಂಬರಿನ ತನಕ ಈ ಮನೆಯಲ್ಲೇ ಇದ್ದು, ಗಿಡ ನೆಟ್ಟು, ಮೀನು ಹಿಡಿದು, ನಾಚಿಕೊಂಡು ಓಡಾಡುತ್ತಿದ್ದ. ಪೂರ್ವದೇಶದ ವ್ಯಾಪಾರದಲ್ಲಿ ಹಣ ಮಾಡಿ ಬರುತ್ತೇನೆ, ಅಣ್ಣ ಚಿಂತೆಯಿಲ್ಲದೆ ಬರೆಯಲಿ, ನಾನೂ ಕೊನೆಗೆ ಇಲ್ಲೇ ನೆಲೆಸುತ್ತೇನೆ ಎಂಬುದು ಅವನ ಲೆಕ್ಕಾಚಾರ. ‘ಅರ್ಲ್ ಆಫ್ ಅಬರ್ಗವೆನ್ನಿ’ ಎಂಬ ದೊಡ್ಡ ಹಡಗಿನ ಕ್ಯಾಪ್ಟನ್ ಆದ. ಲೌದರ್ ಕಡೆಯಿಂದ ಬಂದ ಹಣದಲ್ಲಿ ಒಂದು ಪಾಲನ್ನು ಮನೆಯವರು ಅವನ ವ್ಯಾಪಾರಕ್ಕೆ ಹಾಕಿದರು. ಬಂಗಾಳಕ್ಕೂ ಅಲ್ಲಿಂದ ಚೀನಾಕ್ಕೂ ಹೊರಟ ಹಡಗು 1805ರ ಫೆಬ್ರವರಿ 5ರ ರಾತ್ರಿ, ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್ ಕೊಲ್ಲಿ ದಾಟುವ ಮೊದಲೇ ಮುಳುಗಿತು. ಇದ್ದ ಸುಮಾರು 400 ಜನರಲ್ಲಿ 250ಕ್ಕೂ ಹೆಚ್ಚು ಮಂದಿ ಸತ್ತರು. ಜಾನ್ ಹಡಗಿನೊಂದಿಗೇ ಹೋದ. ಕೆರೆಯ ದಂಡೆಯ ಈ ಶಾಂತ ಮನೆಯ ಬದುಕು ಕೂಡ ನಮ್ಮ ಕಡೆಯಿಂದ ಹೋಗುವ ಸಂಪತ್ತಿನ ಮೇಲೆ ಒಂದು ಕೈ ಊರಿಕೊಂಡಿತ್ತು ಎಂಬುದನ್ನು ನಿಸರ್ಗ ಕವಿಯ ಭಕ್ತರು ಅಷ್ಟಾಗಿ ಆಡುವುದಿಲ್ಲ. ಮನೆಯ ದುಃಖ ಮಾತ್ರ ನಿಜವಾದದ್ದು. ಜಾನನನ್ನು ಕೊನೆಯ ಸಲ ಬೀಳ್ಕೊಟ್ಟ ಗ್ರೈಸ್‌ಡೇಲ್ ಟಾರ್ನ್ ಎಂಬ ಗುಡ್ಡದ ಕೊಳದ ಬಳಿ ಈಗ ಒಂದು ಕಲ್ಲಿದೆ.

ಅದೇ 1805ರ ಮೇ ತಿಂಗಳಲ್ಲಿ ವಿಲಿಯಂ ತನ್ನ ಆತ್ಮಕಥನದ ದೀರ್ಘ ಕಾವ್ಯವನ್ನು, ಹದಿಮೂರು ಪುಸ್ತಕಗಳಷ್ಟು, ಮುಗಿಸಿದ. ಬದುಕಿರುವ ತನಕ ಅಚ್ಚು ಹಾಕಿಸಲಿಲ್ಲ. 1850ರ ಏಪ್ರಿಲ್ 23ರಂದು ಅವನು ತೀರಿಕೊಂಡ ಮೇಲೆ, ಅದೇ ಜುಲೈಯಲ್ಲಿ, ಮೇರಿ ಇಟ್ಟ ಹೆಸರಿನಲ್ಲಿ ಹೊರಬಂತು: ‘ದಿ ಪ್ರಿಲ್ಯೂಡ್’. ಅಷ್ಟರಲ್ಲಿ ತಿದ್ದಿ ತಿದ್ದಿ ಅದು ಬೇರೆಯೇ ಆಗಿತ್ತು. ಟೌನ್ ಎಂಡಿನಲ್ಲಿ ಮುಗಿದ ಮೊದಲ ರೂಪ ಓದುಗರ ಕೈಗೆ ಬಂದದ್ದು 1926ರಲ್ಲಿ, ಅರ್ನೆಸ್ಟ್ ಡಿ ಸೆಲಿನ್‌ಕೋರ್ಟ್ ಹಸ್ತಪ್ರತಿ ನೋಡಿ ಸಂಪಾದಿಸಿದ ಮೇಲೆ. ನೂರಿಪ್ಪತ್ತೊಂದು ವರ್ಷ ಅದನ್ನು ಕಾಪಾಡಿದ್ದು ಬರಿಯ ಕಾಗದ. ಆ ಕಾಗದದ ಮೇಲಿನ ಅಕ್ಷರ ಬಹುಪಾಲು ಕವಿಯದಲ್ಲ. ಹಾಳೆಯ ಮೇಲೆ ಬರೆಯಲು ಕೂತರೆ ಅವನಿಗೆ ಮೈ ಸರಿಹೋಗುತ್ತಿರಲಿಲ್ಲ, ನಡೆಯುತ್ತ ಗುನುಗಿ ಕಟ್ಟುತ್ತಿದ್ದ. ಪ್ರತಿ ಮಾಡುವುದು ಡೊರೊತಿ, ಮೇರಿ. 1804ರಲ್ಲಿ ಕೋಲ್‌ರಿಜ್ ಮಾಲ್ಟಾಕ್ಕೆ ಹೊರಟಾಗ ಜೊತೆಗೆ ಒಯ್ಯಲಿ ಎಂದು ಇಬ್ಬರೂ ಕೂತು, ಎಳೆಮಗುವಿನ ಕೆಲಸದ ನಡುವೆ, ಸಾವಿರಾರು ಸಾಲು ಎತ್ತಿ ಬರೆದರು.

ನೆಂಟರು ಗೆಳೆಯರ ಪಟ್ಟಿ ದೊಡ್ಡದು. ಕೋಲ್‌ರಿಜ್ ಕೆಸ್ವಿಕ್‌ನಿಂದ ಹದಿಮೂರು ಮೈಲಿ ನಡೆದು ರಾತ್ರಿ ಹೊತ್ತಿಗೆ ಬಂದು ಬಾಗಿಲು ತಟ್ಟುತ್ತಿದ್ದ. 1805ರಲ್ಲಿ ವಾಲ್ಟರ್ ಸ್ಕಾಟ್ ಬಂದ. ವಿಜ್ಞಾನಿ ಹಂಫ್ರಿ ಡೇವಿಯೂ ಸೇರಿ ಮೂವರು ಹೆಲ್ವೆಲಿನ್ ಗುಡ್ಡ ಹತ್ತಿದರು. ಈ ಮನೆಯ ಗಂಜಿಯೂಟ ಒಗ್ಗದೆ ಸ್ಕಾಟ್ ಕಿಟಕಿಯಿಂದ ಇಳಿದು ಊರಿನ ಹೋಟೆಲಿಗೆ ಹೋಗಿ ತಿಂದು ಕುಡಿದು ಬರುತ್ತಿದ್ದ ಎಂದೊಂದು ಕಥೆ ಇದೆ. ನಿಜವೋ ಸುಳ್ಳೋ, ಕವಿಯ ಮನೆಯ ಊಟದ ಬಗ್ಗೆ ಇಂಥ ಕಥೆ ಹುಟ್ಟದ ಊರಿಲ್ಲ.

1803, 1804, 1806 ಹೀಗೆ ಮೂರು ಮಕ್ಕಳು ಇಲ್ಲಿ ಹುಟ್ಟಿದವು. ಮೇರಿಯ ತಂಗಿ ಸಾರಾಳೂ ಇದ್ದಳು. ಮನೆ ಹಿಡಿಸಲಿಲ್ಲ. 1808ರ ಮೇ ತಿಂಗಳಲ್ಲಿ ಊರಿನ ಇನ್ನೊಂದು ತುದಿಯ ಅಲನ್ ಬ್ಯಾಂಕ್ ಎಂಬ ದೊಡ್ಡ ಮನೆಗೆ ಹೋದರು. ಅಲ್ಲಿ ಹೊಗೆ ಇನ್ನೂ ಜಾಸ್ತಿ. ಆಮೇಲೆ ಪಾದ್ರಿಯ ಮನೆ, 1813ರಿಂದ ಕೊನೆಯ ತನಕ ರೈಡಲ್ ಮೌಂಟ್. ಸರ್ಕಾರಿ ಹುದ್ದೆ, ಆಸ್ಥಾನ ಕವಿಯ ಪದವಿ, ಭಕ್ತರ ಸಾಲು ಎಲ್ಲ ಆ ಮನೆಯ ಕಾಲದವು. ಆದರೂ ಜನ ಈಗ ಕವಿಯನ್ನು ಹುಡುಕಿ ಬರುವುದು ಹೆಚ್ಚಾಗಿ ಅವನು ಬಾಡಿಗೆಗೆ ಇದ್ದ ಟೌನ್ ಎಂಡಿಗೆ.

ಅವರು ಬಿಟ್ಟ ಮನೆಗೆ 1809ರಲ್ಲಿ ಬಂದವನು ಥಾಮಸ್ ಡಿ ಕ್ವಿನ್ಸಿ. ಇಪ್ಪತ್ತನಾಲ್ಕರ ಹುಡುಗ, ವರ್ಡ್ಸ್‌ವರ್ತ್‌ನ ಹುಚ್ಚು ಅಭಿಮಾನಿ. ಅವನಿಗಾಗಿ ಮನೆ ಸಿದ್ಧಪಡಿಸಿದವಳು ಮತ್ತೆ ಡೊರೊತಿಯೇ. ಪುಸ್ತಕದ ಪೆಟ್ಟಿಗೆಗಳು ಬಂದು ಬಂದು ಮನೆ ತುಂಬಿತು. ಕೋಲ್‌ರಿಜ್ ನೂರುಗಟ್ಟಲೆ ಪುಸ್ತಕ ಎರವಲು ಒಯ್ಯುತ್ತಿದ್ದ. 1811ರಲ್ಲಿ ಡಿ ಕ್ವಿನ್ಸಿ ಮನೆಗೆ ಬೆಳಕು ಬರಲಿ ಎಂದು ತೋಟದ ಮರ ಕಡಿಸಿದ, ಪಾಚಿ ಗುಡಿಸಲನ್ನೂ ಕೀಳಿಸಿದ. ಡೊರೊತಿ ಅವನೊಂದಿಗೆ ಮಾತು ಬಿಡುವಷ್ಟು ನೊಂದುಕೊಂಡಳು. ಕಾನೂನಿನ ಪ್ರಕಾರ ಮನೆ ಅವಳದಲ್ಲ, ತೋಟ ಅವಳದಲ್ಲ. ಬಾಡಿಗೆ ಮನೆಯಲ್ಲಿ ಗಿಡ ನೆಟ್ಟು, ಆಮೇಲೆ ಆ ಬೀದಿಯಲ್ಲಿ ಹಾದುಹೋಗುವಾಗ ಕತ್ತು ತಿರುಗಿಸಿ ನೋಡಿದವರಿಗೆ ಈ ಸಿಟ್ಟು ಗೊತ್ತು.

ಡಿ ಕ್ವಿನ್ಸಿಯ ಕಾಲದಲ್ಲಿ ಮನೆಯ ಇನ್ನೊಂದು ಮುಖ ತೆರೆಯಿತು. ಅಫೀಮು. ಕಪಾಟಿನಲ್ಲಿ ಪುಸ್ತಕ, ಮೇಜಿನ ಮೇಲೆ ಅಫೀಮಿನ ದ್ರಾವಣದ ಹೂಜಿ. 1821ರಲ್ಲಿ ‘ಲಂಡನ್ ಮ್ಯಾಗಜೀನ್’ನಲ್ಲಿ ಬಂದ ಅವನ ಅಫೀಮು ತಿನ್ನುವವನ ನಿವೇದನೆಗಳಲ್ಲಿ ಈ ಕೋಣೆಗಳೇ ಬರುತ್ತವೆ. ಒಮ್ಮೆ ಮಲಯದವನೊಬ್ಬ ದಾರಿತಪ್ಪಿ ಬಾಗಿಲಿಗೆ ಬಂದನಂತೆ. ಭಾಷೆ ತಿಳಿಯದೆ ಡಿ ಕ್ವಿನ್ಸಿ ಹೋಮರನ ಗ್ರೀಕಿನಲ್ಲಿ ಮಾತಾಡಿದನಂತೆ. ಹೋಗುವಾಗ ಅಫೀಮಿನ ಉಂಡೆ ಕೊಟ್ಟರೆ ಆತ ಒಂದೇ ಗುಟುಕಿಗೆ ನುಂಗಿ ನಡೆದನಂತೆ. ಪಕ್ಕದ ರೈತನ ಮಗಳು ಮಾರ್ಗರೆಟ್ ಸಿಂಪ್ಸನ್‌ಳನ್ನು 1817ರಲ್ಲಿ ಅವನು ಮದುವೆಯಾದ. ವರ್ಡ್ಸ್‌ವರ್ತ್ ಮನೆಯವರಿಗೆ ಅದು ಹಿಡಿಸಲಿಲ್ಲ. ರೈತರ ಬಗ್ಗೆ ಅಷ್ಟು ಹಾಡಿದವರಿಗೆ ರೈತನ ಮಗಳು ಗೆಳೆಯನ ಹೆಂಡತಿಯಾಗಿ ಒಪ್ಪಿಗೆಯಾಗಲಿಲ್ಲ. ಸಾಲ, ಮಕ್ಕಳು, ಪತ್ರಿಕೆಗೆ ಬರೆಯುವ ಧಾವಂತ ಅವನನ್ನು ಎಡಿನ್‌ಬರೋಗೆ ಎಳೆದುಕೊಂಡು ಹೋಯಿತು. ಆದರೂ ಬಾಡಿಗೆ ಕರಾರು ಸುಮಾರು ಕಾಲು ಶತಮಾನ ಅವನ ಹೆಸರಲ್ಲೇ ಇತ್ತು. ಲೆಕ್ಕ ಹಿಡಿದರೆ ಮನೆ ವರ್ಡ್ಸ್‌ವರ್ತ್‌ಗಿಂತ ಅವನಿಗೇ ಹೆಚ್ಚು ಸೇರಬೇಕು.

ಮುಂದಿನ ಅರ್ಧ ಶತಮಾನ ಯಾರು ಯಾರೋ ಬಂದು ಇದ್ದು ಹೋದರು. ಮುಂದೆ ಮನೆಗಳೆದ್ದು ಕೆರೆಯ ನೋಟಕ್ಕೆ ಅಡ್ಡ ನಿಂತವು.

1890ರಲ್ಲಿ ಸ್ಟಾಪ್‌ಫರ್ಡ್ ಬ್ರೂಕ್ ಎಂಬ ಪಾದ್ರಿ, ಸಾಹಿತ್ಯ ವಿಮರ್ಶಕ, ಈ ಮನೆಯನ್ನು ಕೊಂಡು ಉಳಿಸೋಣ ಎಂದು ಒಂದು ಪುಟ್ಟ ಪುಸ್ತಿಕೆ ಬರೆದು ಹಂಚಿದ. ಆಗ ಮನೆ ಎಡ್ಮಂಡ್ ಲೀ ಎಂಬುವನ ಕೈಯಲ್ಲಿತ್ತು. ನಾಲ್ಕು ವರ್ಷದ ಹಿಂದೆ ಡೊರೊತಿಯ ಜೀವನಚರಿತ್ರೆ ಬರೆದಿದ್ದವನು ಅವನು. ಬೆಲೆ 650 ಪೌಂಡು. ಚಂದಾ ಎತ್ತಿ ಕೊಂಡರು. 1891ರಲ್ಲಿ ಟ್ರಸ್ಟು ಆಯಿತು, ಮನೆ ಸಾರ್ವಜನಿಕರಿಗೆ ತೆರೆಯಿತು. ಸರ್ಕಾರ ಇಲ್ಲಿ ಎಲ್ಲೂ ಕಾಣುವುದಿಲ್ಲ ಎಂಬುದನ್ನು ಸಮಿತಿಯವರು ಗಮನಿಸಬಹುದು. ಕವಿ ಸತ್ತು ಆಗ ನಲವತ್ತೊಂದು ವರ್ಷ. ಷೇಕ್ಸ್‌ಪಿಯರ್ ಹುಟ್ಟಿದ ಮನೆಯನ್ನು ಹೀಗೆ ಕೊಳ್ಳಲು ಇಂಗ್ಲೆಂಡಿಗೆ ಅವನು ಸತ್ತ ಮೇಲೆ ಇನ್ನೂರ ಮೂವತ್ತೊಂದು ವರ್ಷ ಬೇಕಾಗಿತ್ತು.

ಆದರೆ ಕೊಂಡದ್ದು ಏನನ್ನು? ಗೋಡೆ, ಮಾಡು, ಗುಡ್ಡದ ತೋಟ. ಒಂದೆರಡು ಕುರ್ಚಿ ಮೇಜು ಮನೆತನದವರಿಂದ ಬಂದಾವು, ಕವಿಯ ಕನ್ನಡಕ ಬಂದೀತು, ಹೆಪ್ಪುಗಟ್ಟಿದ ಕೆರೆಯ ಮೇಲೆ ಅವನು ಜಾರುತ್ತಿದ್ದ ಸ್ಕೇಟುಗಳು ಬಂದಾವು. ಇಂಥ ಮನೆಗಳು ಬಹುತೇಕ ಇಲ್ಲಿಗೇ ನಿಂತುಬಿಡುತ್ತವೆ. ಮಂಚಕ್ಕೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂದು ಫಲಕ, ಗೋಡೆಗೆ ಫೋಟೋ, ಜಯಂತಿಗೊಂದು ಹಾರ. ಗ್ರಾಸ್ಮಿಯರ್ ಆ ಗತಿಯಿಂದ ಪಾರಾದದ್ದು 1935ರಲ್ಲಿ. ಕವಿಯ ಮೊಮ್ಮಗ ಗಾರ್ಡನ್ ವರ್ಡ್ಸ್‌ವರ್ತ್ ಆ ವರ್ಷ ತೀರಿಕೊಂಡಾಗ ತನ್ನ ಬಳಿ ಉಳಿದಿದ್ದ ಮನೆತನದ ಹಸ್ತಪ್ರತಿಗಳನ್ನೆಲ್ಲ ಟ್ರಸ್ಟಿಗೆ ಬರೆದಿಟ್ಟಿದ್ದ. ಡೊರೊತಿಯ ನೋಟ್‌ಬುಕ್ಕುಗಳು, ಪ್ರಿಲ್ಯೂಡಿನ ಪ್ರತಿಗಳು, ಹರಿದ ಹಾಳೆ, ಕಾಗದ ಪತ್ರ. ಪಕ್ಕದ ಕಣಜದ ಕಟ್ಟಡದಲ್ಲಿ ಅದೇ ವರ್ಷ ವಸ್ತುಸಂಗ್ರಹಾಲಯ ಶುರುವಾಯಿತು. ಈ ಮನೆಯಲ್ಲಿ ಬರೆದು, ಇಲ್ಲಿಂದ ಗಾಡಿ ಹತ್ತಿ ಮೂರು ಮನೆ ಬದಲಾಯಿಸಿದ ಕಾಗದಗಳು ನೂರ ಇಪ್ಪತ್ತೇಳು ವರ್ಷದ ಮೇಲೆ ಅದೇ ಅಂಗಳಕ್ಕೆ ವಾಪಸು ಬಂದವು. ಅಂದಿನಿಂದ ಇದು ಪ್ರವಾಸಿ ತಾಣವಷ್ಟೇ ಅಲ್ಲ, ಓದುವವರು ಬಂದು ಕೂರುವ ಜಾಗವೂ ಹೌದು. ಈಗ ವರ್ಡ್ಸ್‌ವರ್ತ್‌ನ ಹಸ್ತಪ್ರತಿಗಳಲ್ಲಿ ಸುಮಾರು ಶೇ. 90ರಷ್ಟು ಇಲ್ಲಿವೆ ಎನ್ನುತ್ತಾರೆ. ಲಂಡನ್ನಿನಲ್ಲಲ್ಲ, ಆಕ್ಸ್‌ಫರ್ಡಿನಲ್ಲಲ್ಲ, ಅವು ಹುಟ್ಟಿದ ಕೇರಿಯಲ್ಲೇ.

ಕಾಗದ ಒಮ್ಮೆ ಸೇರತೊಡಗಿದರೆ ಬೇರೆ ಕಾಗದಗಳೂ ದಾರಿ ಹುಡುಕಿಕೊಂಡು ಬರುತ್ತವೆ. 1977ರಲ್ಲಿ ಕಾರ್ಲೈಲ್ ಊರಿನ ಅಂಚೆಚೀಟಿ ವ್ಯಾಪಾರಿಯೊಬ್ಬನ ಕೈಗೆ ಬಂದ ಹಳೆಯ ಕಾಗದಗಳ ಕಂತೆಯೊಳಗೆ ವಿಲಿಯಂ ಮತ್ತು ಮೇರಿ ಪರಸ್ಪರ ಬರೆದ ಪ್ರೇಮಪತ್ರಗಳಿದ್ದವು. ಮದುವೆಯಾಗಿ ಎಂಟು ಹತ್ತು ವರ್ಷವಾಗಿ, ಐದು ಮಕ್ಕಳಾದ ಮೇಲೆ ಗಂಡ ಹೆಂಡತಿ ಬರೆದುಕೊಂಡವು. ಅಲ್ಲಿಯ ತನಕ ವಿದ್ವಾಂಸರು ಮೇರಿಯನ್ನು ಒಳ್ಳೆಯ, ಸಪ್ಪೆ ಗೃಹಿಣಿ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ಪತ್ರಗಳು ಹರಾಜಾದವು, ದೇಶ ಬಿಟ್ಟು ಹೋಗುವುದರಲ್ಲಿದ್ದವು, ಕೊನೆಗೆ ಗ್ರಾಸ್ಮಿಯರ್ ಸೇರಿದವು. ಮೇರಿ ಸತ್ತು ಆಗ ನೂರ ಹದಿನೆಂಟು ವರ್ಷ.

ವಿದ್ವಾಂಸ ರಾಬರ್ಟ್ ವೂಫ್ ದಶಕಗಳ ಕಾಲ ಈ ಟ್ರಸ್ಟಿನ ಬೆನ್ನೆಲುಬಾಗಿದ್ದರು. ಹಸ್ತಪ್ರತಿಗಳಿಗೆಂದೇ ಅಲ್ಲಿಯ ಕಲ್ಲಿನಲ್ಲಿ ಕಟ್ಟಿದ ಜರ್ವುಡ್ ಸೆಂಟರನ್ನು 2005ರಲ್ಲಿ ಕವಿ ಷೇಮಸ್ ಹೀನಿ ತೆರೆದರು. ವೂಫ್ ಅದೇ ವರ್ಷ ತೀರಿಕೊಂಡರು. ಅವರ ಹೆಂಡತಿ ಪಮೇಲಾ ವೂಫ್ ಡೊರೊತಿಯ ದಿನಚರಿಯನ್ನು ಅಕ್ಷರ ಅಕ್ಷರ ಓದಿ ಸಂಪಾದಿಸಿದವರು. ಆ ದಿನಚರಿ ಮೊದಲು ಅಚ್ಚಾದದ್ದು 1897ರಲ್ಲಿ, ವಿಲಿಯಂ ನೈಟ್ ಎಂಬ ಪ್ರಾಧ್ಯಾಪಕರಿಂದ. ಕ್ಷುಲ್ಲಕವೆಂದು ತೋರಿದ್ದನ್ನು ಅವರು ಕತ್ತರಿಸಿಬಿಟ್ಟಿದ್ದರು. ಕ್ಷುಲ್ಲಕ ಎಂದರೆ ರೊಟ್ಟಿ, ಒಗೆಯುವ ಬಟ್ಟೆ, ಕುರಿಮಾಂಸ. ನಮ್ಮಲ್ಲೂ ದೊಡ್ಡವರ ದಿನಚರಿ, ಕಾಗದಗಳನ್ನು ಸಂಪಾದಿಸುವವರಿಗೆ ಈ ಕತ್ತರಿಯ ಚಟ ಇದೆ. ಡೊರೊತಿ ಬದುಕಿದ್ದರೆ ಏನು ಅನ್ನುತ್ತಿದ್ದಳೋ. 1830ರ ದಶಕದಿಂದ ಅವಳ ಬುದ್ಧಿ ಮಂಕಾಗಿತ್ತು. ಇಪ್ಪತ್ತು ವರ್ಷ ರೈಡಲ್ ಮೌಂಟಿನ ಮಾಳಿಗೆಯಲ್ಲಿ ಕಳೆದು 1855ರಲ್ಲಿ, ಅಣ್ಣ ಸತ್ತ ಐದನೆಯ ವರ್ಷ ತೀರಿಕೊಂಡಳು. ತನ್ನ ನೋಟ್‌ಬುಕ್ಕುಗಳು ಅಚ್ಚಾದಾವೆಂದು ಎಣಿಸಿರಲಿಕ್ಕಿಲ್ಲ.

2020ರ ಏಪ್ರಿಲ್ 7ಕ್ಕೆ ಕವಿಗೆ ಇನ್ನೂರೈವತ್ತು ತುಂಬಿತು. ಅದಕ್ಕೆಂದು ಮನೆ, ಸಂಗ್ರಹಾಲಯ ಎಲ್ಲವನ್ನೂ ಹೊಸದಾಗಿ ಸಜ್ಜುಗೊಳಿಸುವ ಕೆಲಸ ನಡೆದಿತ್ತು. ಆ ದಿನ ಕೊರೋನಾದಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತ್ತು. ಹಬ್ಬದ ದಿನ ಮನೆಗೆ ಬೀಗ. ಬಾಗಿಲು ತೆರೆದ ಮೇಲೆ ಹೋದವರು ಈಗ ಮೊದಲು ಕಾಣುವುದು ಕವಿಯ ಮೂರ್ತಿಯನ್ನಲ್ಲ. ಒಲೆಯಲ್ಲಿ ಬೆಂಕಿ, ಮೇಜಿನ ಮೇಲೆ ಮನೆಯವರು ಈಗಷ್ಟೇ ಎದ್ದು ಹೋದಂತೆ ಬಿಟ್ಟ ಸಾಮಾನು. ಡೊರೊತಿಯ ಪುಟಗಳನ್ನು ಎದುರಿಗಿಟ್ಟುಕೊಂಡೇ ಹಾಗೆ ಜೋಡಿಸಿದ್ದಾರೆ. ಕೆರೆ ನೋಡಬೇಕೆಂದರೆ ಮಾತ್ರ ತೋಟದ ಮೆಟ್ಟಿಲು ಹತ್ತಬೇಕು.

ಸಮಿತಿಯವರಿಗೆ ನನ್ನದೊಂದು ಮಾತು. ಗೋಡೆಗೆ ಸುಣ್ಣ ಬಳಿಯುವ ಮೊದಲು ಅಟ್ಟದ ಮೇಲಿನ ಟ್ರಂಕು ಕೆಳಗಿಳಿಸಿ. ಹೆಣ್ಣುಮಕ್ಕಳ ಮನೆಗಳಿಗೆ ಹೋಗಿ ಕೇಳಿ. ಹಾಲಿನ ಲೆಕ್ಕದ ಪುಸ್ತಕವೂ ಬೇಕು, ದಿನಸಿ ಚೀಟಿಯೂ ಬೇಕು. ಗ್ರಾಸ್ಮಿಯರಿನವರಿಗೂ ಎಲ್ಲ ಸಿಕ್ಕಿಲ್ಲ. ಡೊರೊತಿಯ ದಿನಚರಿಯ ನಾಲ್ಕು ನೋಟ್‌ಬುಕ್ಕುಗಳು ಅಲ್ಲಿವೆ. ಮೊದಲನೆಯದು 1800ರ ಡಿಸೆಂಬರ್ 22ಕ್ಕೆ ನಿಲ್ಲುತ್ತದೆ. ಮುಂದಿನದು ಶುರುವಾಗುವುದು 1801ರ ಅಕ್ಟೋಬರ್ 10ರಿಂದ. ನಡುವಿನ ಒಂಬತ್ತೂವರೆ ತಿಂಗಳಿನ ಪುಸ್ತಕ ಇನ್ನೂ ಸಿಕ್ಕಿಲ್ಲ.